ಕುತ್ತಿಗೆ ಸೀಳಿದ ನಾಣ್ಯ

ಮೊದಲ ಕಲ್ಲು ಬೀಸಿದವಳು ರುಫಿನಾ ಲಾರಿಕೊ. ಪೆರುವಿನ ಹುಲಿಯಾಕಾ ಪೇಟೆಯಲ್ಲಿ ಈಗ ಈ ಮಾತನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಎರಡನೆಯದು ಯಾರದು, ಮೂರನೆಯದು ಯಾರದು ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತದಲ್ಲ! ಹತ್ತು ಕೈ ಸೇರಿ ಹೊಡೆದರೆ ಪಾಪವೂ ಹತ್ತು ಪಾಲಾಗುತ್ತದೆ ಎಂದು ನಮ್ಮ ಜನರ ನಂಬಿಕೆ. ಪಾಲಾಗುವುದಿಲ್ಲ, ಒಬ್ಬೊಬ್ಬರಿಗೂ ಇಡಿಯಾಗಿಯೇ ಸಿಗುತ್ತದೆ ಎಂದರೆ ಕೇಳುವವರು ಯಾರು?

ಅಂದು ಭಾನುವಾರದ ಸಂತೆ. ಬಿಸಿಲು ಚುರುಗುಟ್ಟುತ್ತಿತ್ತು, ಗಾಳಿ ಮಾತ್ರ ಮೂಳೆ ಕೊರೆಯುತ್ತಿತ್ತು. ರೈಲು ಹಳಿಯ ಪಕ್ಕ, ಕುರಿತಲೆ ಸಾರು ಮಾರುವವರ ಸಾಲಿನ ಕೊನೆಯಲ್ಲಿ ರುಫಿನಾ ಎಂದಿನ ಜಾಗದಲ್ಲೇ ಕೂತಿದ್ದಳು. ಕಪ್ಪು ಲಂಗ, ಕಪ್ಪು ಹೊದಿಕೆ, ಕಪ್ಪು ಟೋಪಿ. ಮುಂದೆ ನಾಣ್ಯದ ಮರದ ಪೆಟ್ಟಿಗೆ. ಅದರ ಮುಚ್ಚಳ ತೆರೆದಿರಲಿಲ್ಲ. ಮಗನನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಮನೆಯಲ್ಲಿದ್ದರೆ ಅವನ ಹಾಸಿಗೆ ಕಣ್ಣಿಗೆ ಬೀಳುತ್ತಿತ್ತು, ಅದಕ್ಕೆ ಸಂತೆಗೆ ಬಂದಿದ್ದಳು.

ಮಗ ಎಲಿಸ್ಬಾನ್, ಇಪ್ಪತ್ನಾಲ್ಕು ವರ್ಷ, ಮೂರು ಗಾಲಿಯ ಮೋಟೊಟ್ಯಾಕ್ಸಿ ಓಡಿಸುತ್ತಿದ್ದ. ಬುಧವಾರ ಸಂಜೆ ಇಬ್ಬರು ಅವನನ್ನು ಇಟ್ಟಿಗೆ ಭಟ್ಟಿಗಳ ಕಡೆಗೆ ಬಾಡಿಗೆಗೆ ಕರೆದುಕೊಂಡು ಹೋದರು. ಮರುದಿನ ಅವನು ಭಟ್ಟಿಯ ಹಿಂದಿನ ಚರಂಡಿಯಲ್ಲಿ ಸಿಕ್ಕಿದ. ಮೈಮೇಲೆ ಹನ್ನೊಂದು ಇರಿತ. ಗಾಡಿ ಇಲ್ಲ, ದುಡ್ಡಿಲ್ಲ, ಫೋನಿಲ್ಲ. ಬಟ್ಟೆಯ ಪುಟ್ಟ ಚೀಲದಲ್ಲಿ ಹೊಲಿದು ಕೊರಳಿಗೆ ಕಟ್ಟಿಕೊಂಡಿದ್ದ ಒಂದು ಸೋಲ್ ಬೆಲೆಯ ಪೆರು ನಾಣ್ಯವೂ ಇರಲಿಲ್ಲ.

ಮೊದಲು ಸಿಳ್ಳೆ ಕೇಳಿಸಿತು, ಆಮೇಲೆ ಹಾರ್ನು. ಇಪ್ಪತ್ತು ಮೋಟೊಟ್ಯಾಕ್ಸಿಗಳು ಈರುಳ್ಳಿ, ಚಪ್ಪಲಿ, ಪ್ಲಾಸ್ಟಿಕ್ ಬಕೆಟ್ಟು ಏನನ್ನೂ ನೋಡದೆ ಹರವುಗಳ ನಡುವೆ ನುಗ್ಗಿ ಬಂದವು. ಮುಂದಿನ ಗಾಡಿಯ ಹಿಂದೆ ಹಗ್ಗ, ಹಗ್ಗದ ತುದಿಗೆ ಒಬ್ಬ ಮನುಷ್ಯ. ಆಗುವಷ್ಟು ದೂರ ಓಡಿದ್ದ, ಆಮೇಲೆ ಬಿದ್ದಿದ್ದ. ಮೊಣಕಾಲಿನ ಚರ್ಮ ಪ್ಯಾಂಟಿನ ಜೊತೆಗೇ ಕಿತ್ತುಹೋಗಿತ್ತು. ಮೂಗು ಒಂದು ಪಕ್ಕಕ್ಕೆ ಹೊರಳಿತ್ತು. ಬಾಯಿಂದ ರಕ್ತದ ಜೊತೆ ಮಣ್ಣು ಉಗುಳುತ್ತಿದ್ದ.

ಚಾಲಕರ ಸಂಘದ ಅಧ್ಯಕ್ಷ ಪೊರ್ಫಿರಿಯೊ ಯುಕ್ರಾ ಗಾಡಿಯಿಂದ ಇಳಿದ. ಬಾಗಿಲಗಲದ ಆಳು, ಮುಂದಿನ ಹಲ್ಲು ಚಿನ್ನದ್ದು. ರುಫಿನಾಳ ಮುಂದೆ ಟೋಪಿ ತೆಗೆದು, ಬೆವೆತ ಅಂಗೈ ಬಿಚ್ಚಿ ತೋರಿಸಿದ.

"ದೋನ್ಯಾ ರುಫಿನಾ, ನೋಡಿ. ಈ ನಾಯಿ ಭಟ್ಟಿ ಹತ್ರ ಸುತ್ತಾಡ್ತಿತ್ತು. ಹಿಡಿದು ಜೇಬು ಕೊಡವಿದ್ವಿ, ಇದು ಬಿತ್ತು. ನಮ್ಮ ಎಲಿಸ್ಬಾನಂದೇ ಅಲ್ವಾ?"

ಒಂದು ಸೋಲ್ ನಾಣ್ಯ. ಒಂದು ಮಗ್ಗುಲಲ್ಲಿ ದೇಶದ ಲಾಂಛನ. ಲಾಂಛನದೊಳಗೆ ನಿಂತ, ಪುಟ್ಟ ಒಂಟೆಯಂಥ ಬೆಟ್ಟದ ಮೃಗ ವಿಕುನ್ಯಾದ ಕುತ್ತಿಗೆಗೆ ಅಡ್ಡಲಾಗಿ ಕೂದಲೆಳೆಯಂಥ ಗೆರೆ, ಯಾರೋ ಆ ಬಡ ಪ್ರಾಣಿಯ ಕತ್ತು ಕೊಯ್ದ ಹಾಗೆ. ರುಫಿನಾಳ ಕಣ್ಣು ತುಂಬಿ ಬಂತು. ಆ ನೀರಿನಲ್ಲೇ ನೋಡಿದಳು.

"ಇದೇ," ಎಂದಳು. "ಇದೇ ಕಣಯ್ಯಾ. ಅಯ್ಯೋ ನನ್ನ ಕಂದಾ, ಇದೇ."

ಹಳಿಯ ಪಕ್ಕದಲ್ಲಿ ಕಲ್ಲಿಗೇನು ಬರ! ಮುಷ್ಟಿ ಗಾತ್ರದ್ದೊಂದು ಎತ್ತಿ, ಕೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬೀಸಿದಳು. ಅದು ಅವನ ಕಿವಿಯ ಮೇಲೆ ಬಿತ್ತು. ಒಣ ಕೊಡಕ್ಕೆ ಬಡಿದಂಥ ಸದ್ದಾಯಿತು. ಅವಳಿಗೆ ಹಿತವೆನಿಸಿತು. ಸುಳ್ಳೇಕೆ, ನಾಲ್ಕು ದಿನದಲ್ಲಿ ಮೊದಲ ಸಲ ಎದೆಯೊಳಗೆ ಗಾಳಿ ಆಡಿತು. ಇನ್ನೊಂದು ಎತ್ತಿಕೊಂಡಳು.

ಅಷ್ಟರಲ್ಲಿ ಜನ ಮುತ್ತಿದರು. ಒದೆ, ಬೆಲ್ಟು, ಗಾಡಿಯ ಜಾಕಿನ ಸರಳು. ಸಾರು ಮಾರುವವಳೊಬ್ಬಳು ಕುದಿಯುವ ಸಾರನ್ನು ಸೌಟಿನಲ್ಲಿ ತಂದು ಬೆನ್ನಿನ ಮೇಲೆ ಸುರಿದು ಹೋದಳು. ಅವಳಿಗೂ ಈ ಹುಡುಗನಿಗೂ ಯಾವ ಜನ್ಮದ ಹಗೆಯೋ! ನೆಲಕ್ಕೆ ಬಿದ್ದವನು ಎರಡು ಕೈಯಲ್ಲಿ ತಲೆ ಮುಚ್ಚಿಕೊಂಡು ಚೀರಿದ:

"ಆ ನಾಣ್ಯ ನಂದು! ನಾನು ದುಡ್ಡು ಕೊಟ್ಟು ತಗೊಂಡಿದ್ದು! ಈಯಮ್ಮನೇ ಮಾರಿದ್ದು, ಇಲಾವೆ ಸಂತೇಲಿ! ಕೇಳಿ ಬೇಕಾದ್ರೆ, ಈಯಮ್ಮನ್ನೇ ಕೇಳಿ!"

ಜನ ನಕ್ಕರು. ಪೊರ್ಫಿರಿಯೊ ಅವನ ಕೂದಲು ಹಿಡಿದೆತ್ತಿ ಮುಖದ ಮೇಲೆ ಉಗಿದ. "ಮಾರಿದ್ಲಂತೆ! ಲೇ, ಪೆರುವಿಗೆಲ್ಲ ಇದೊಂದೇ ನಾಣ್ಯ ಕಣೋ. ಎಲಿಸ್ಬಾನ್ ನಮಗೆ ನೂರು ಸಲ ಹೇಳಿದಾನೆ, ಅವರಮ್ಮ ಅವನಿಗೇಂತ ಕೊಟ್ಟಿದ್ದು ಅಂತ. ನಿನ್ನ ಹೆಸರೇನೋ ಕಳ್ಳ?"

"ರೋಸ್ಮೆಲ್. ರೋಸ್ಮೆಲ್ ಪಾರಿ. ಅಣ್ಣಾ, ದೇವರಾಣೆ, ಈಯಮ್ಮ ನಂಗೂ ಹಂಗೇ ಹೇಳಿದ್ರು. ಇದೊಂದೇ ಅಂದ್ರು. ಯಾರಿಗೂ ತೋರಿಸ್ಬೇಡ, ತೋರಿಸಿದ್ರೆ ಅದೃಷ್ಟ ಸೋರಿಹೋಗುತ್ತೆ ಅಂದ್ರು!"

ರುಫಿನಾಳ ಕೈಯಲ್ಲಿದ್ದ ಎರಡನೆಯ ಕಲ್ಲು ಅಲ್ಲೇ ನಿಂತಿತು. ಆ ಮಾತು ಅವಳದೇ. ಅದನ್ನು ಬೇರೆ ಯಾರೂ ಕಟ್ಟಿ ಹೇಳುವುದು ಸಾಧ್ಯವಿರಲಿಲ್ಲ.

ನಾಣ್ಯದ ವಿಷಯದಲ್ಲಿ ರುಫಿನಾಳನ್ನು ಮೀರಿಸುವವರು ಆ ಸೀಮೆಯಲ್ಲೇ ಇಲ್ಲ. ಓದಿದ್ದು ಮೂರನೇ ಇಯತ್ತೆ, ಆದರೆ ಜನರ ಜೇಬಿನ ಚಿಲ್ಲರೆಯನ್ನು ಅಂಗೈ ಮೇಲೆ ಹರಡಿದರೆ ಸಾಕು, ಕೊರಳಿಗೆ ಕಟ್ಟಿದ ಭೂತಗನ್ನಡಿ ಕಣ್ಣಿಗೆ ಏರುವ ಮೊದಲೇ ತಪ್ಪಿನ ನಾಣ್ಯ ಯಾವುದೆಂದು ಬೆರಳಿಗೆ ತಿಳಿಯುತ್ತಿತ್ತು. ನಾಣ್ಯದ ತಪ್ಪುಗಳಲ್ಲಿ ಎರಡು ಬಗೆ. ಒಂದು ಏಟಿನ ತಪ್ಪು: ಬಿಲ್ಲೆ ಪಕ್ಕಕ್ಕೆ ಜರುಗಿ ಅರ್ಧವೇ ಮುದ್ರೆ ಬಿದ್ದದ್ದು, ಅಥವಾ ಒಂದಕ್ಕೆ ಎರಡು ಸಲ ಏಟು ಬಿದ್ದದ್ದು. ಅಂಥದ್ದು ನಿಜಕ್ಕೂ ಒಂದೇ ಇರುತ್ತದೆ, ಬೆಲೆಯೂ ಹಾಗೇ. ಇನ್ನೊಂದು ಅಚ್ಚಿನ ತಪ್ಪು. ಉಕ್ಕಿನ ಅಚ್ಚು ಲಕ್ಷಗಟ್ಟಲೆ ಏಟು ಹಾಕಿ ಹಾಕಿ ಸವೆಯುತ್ತದೆ. ಮೊದಲು ಅಕ್ಷರಗಳ ಮೂಲೆ ಮೊಂಡಾಗುತ್ತದೆ, ಆಮೇಲೆ ಅಕ್ಷರಗಳು ನೀರು ಹೆಚ್ಚಾದ ಹಿಟ್ಟಿನಂತೆ ಅಂಚಿನ ಕಡೆಗೆ ಹರಡುತ್ತವೆ, ಕೊನೆಗೆ ಅಚ್ಚೇ ಸೀಳು ಬಿಡುತ್ತದೆ. ಸೀಳಿನೊಳಗೆ ಲೋಹ ನುಗ್ಗಿ ನಾಣ್ಯದ ಮೇಲೆ ಗೆರೆ ಉಬ್ಬುತ್ತದೆ. ಆ ಅಚ್ಚನ್ನು ಕಿತ್ತು ಬಿಸಾಡುವವರೆಗೆ ಹೊಡೆದ ನಾಣ್ಯಗಳಿಗೆಲ್ಲ ಅದೇ ಗೆರೆ. ಒಂದಲ್ಲ, ಹತ್ತಲ್ಲ, ಸಾವಿರಾರು.

ಇದು ರುಫಿನಾಳಿಗೆ ಗೊತ್ತಿತ್ತು. ಕೊಳ್ಳುವವರಿಗೆ ಗೊತ್ತಿರಲಿಲ್ಲ. ಅವಳ ಹೊಟ್ಟೆಪಾಡು ನಡೆಯುತ್ತಿದ್ದುದೇ ಈ ಎರಡರ ನಡುವಿನ ಸಂದಿಯಲ್ಲಿ.

ಮೂರು ವರ್ಷದ ಹಿಂದೆ ಬ್ಯಾಂಕಿನಿಂದ ಒಂದು ಚೀಲ ಹೊಸ ನಾಣ್ಯ ಬಿಡಿಸಿ ತಂದಾಗ, ಅದರಲ್ಲಿ ಕುತ್ತಿಗೆ ಸೀಳಿದ ವಿಕುನ್ಯಾಗಳೇ ನೂರಾ ನಲವತ್ತು ಸಿಕ್ಕಿದವು. ಒಂದೊಂದಾಗಿ ಮಾರಿದಳು. ಪುನೋದಲ್ಲಿ, ಇಲಾವೆಯಲ್ಲಿ, ಬೆಟ್ಟದಾಚೆಯ ಗಣಿಯ ಊರುಗಳಲ್ಲಿ. ಪ್ರತಿಯೊಬ್ಬನ ಕಿವಿಯಲ್ಲೂ ಒಂದೇ ಮಂತ್ರ: ಪೆರುವಿಗೆಲ್ಲ ಇದೊಂದೇ. ಆ ಚೀಲದಲ್ಲಿ ಅತಿ ಉದ್ದದ ಸೀಳು ಇದ್ದದ್ದನ್ನು ಮಾತ್ರ ಮಾರದೆ ಮಗನಿಗೆ ಕೊಟ್ಟಳು. ಆಗ ಎಲಿಸ್ಬಾನ್ ದುಡಿದದ್ದನ್ನೆಲ್ಲ ಕುಡಿದು ತೀರಿಸುತ್ತಿದ್ದ. "ಇದು ಒಂದು ಮನೆಯ ಬೆಲೆ ಮಗಾ, ಕಳ್ಕೋಬೇಡ," ಎಂದು ತಾನೇ ಚೀಲ ಹೊಲಿದು ಕೊರಳಿಗೆ ಕಟ್ಟಿದಳು. ಕೈಯಲ್ಲಿ ಬೆಲೆಬಾಳುವುದೊಂದಿದ್ದರೆ ಗಂಡಸು ನೆಟ್ಟಗೆ ನಡೆಯುತ್ತಾನೆ ಎಂದು ಅವಳ ಎಣಿಕೆ. ನಡೆದ ಕೂಡ. ಕುಡಿತ ಬಿಟ್ಟ, ಗಾಡಿ ಕೊಂಡ. ಹೆತ್ತವಳ ಸುಳ್ಳು ಮಗನನ್ನು ಮನುಷ್ಯನನ್ನಾಗಿ ಮಾಡಿತ್ತು. ನಿಜ ಹೇಳಿ ಅದನ್ನು ಕೆಡಿಸುವ ತಾಯಿ ಎಲ್ಲಿದ್ದಾಳೆ!

ರುಫಿನಾ ಕಲ್ಲು ಕೆಳಗೆ ಹಾಕಿ, ಪೊರ್ಫಿರಿಯೊನ ಕೈಯಿಂದ ನಾಣ್ಯ ಕಸಿದುಕೊಂಡು, ಹೊದಿಕೆಯ ಅಂಚಿನಿಂದ ಕಣ್ಣೊರೆಸಿ, ಭೂತಗನ್ನಡಿ ಹಿಡಿದಳು. ಗೆರೆ ಮೇಲಂಚಿನಿಂದ ಇಳಿದು, ವಿಕುನ್ಯಾದ ಕುತ್ತಿಗೆ ದಾಟಿ, ಅಲ್ಲೇ ಮುಗಿಯುತ್ತಿತ್ತು. ಮಗನದರಲ್ಲಿ ಆ ಗೆರೆ ಕುತ್ತಿಗೆ ಕೊಯ್ದು, ಲಾಂಛನವನ್ನೇ ಇಬ್ಭಾಗ ಮಾಡಿ, ಕೆಳಗಿನ ಅಂಚು ಮುಟ್ಟುತ್ತಿತ್ತು. ಅದೇ ಅಚ್ಚು, ಆದರೆ ಇದು ಮೊದಲು ಹೊಡೆದದ್ದು; ಅಚ್ಚು ಸೀಳಲು ಶುರುವಾದಾಗಿನದು. ಮಗನದು ಅಚ್ಚು ಸಾಯುವ ಗಳಿಗೆಯದು. ಇದು ಅವನದಲ್ಲ.

ಆ ಹೊತ್ತಿಗೆ ರೋಸ್ಮೆಲನನ್ನು ವಿದ್ಯುತ್ ಕಂಬಕ್ಕೆ ಕಟ್ಟುತ್ತಿದ್ದರು. ಕಂಬದ ಮೇಲೆ ಹುಲ್ಲು ತುಂಬಿದ ಗೊಂಬೆ ನೇತಾಡುತ್ತಿತ್ತು, ಎದೆಗೆ ಹಲಗೆ: ಕಳ್ಳ ಸಿಕ್ಕರೆ ಸುಡುತ್ತೇವೆ. ಪ್ರತಿ ಬೀದಿಯಲ್ಲೂ ಒಂದು ಇದೆ, ಬರೀ ಹೆದರಿಸಲಿಕ್ಕೆ ಎನ್ನುತ್ತಾರೆ. ಅಂಗಿ ಹರಿದು ಬತ್ತಲೆ ಎದೆಗೆ ಹಗ್ಗ ಬಿಗಿದರು. ಒಬ್ಬ ತನ್ನ ಗಾಡಿಯ ಟ್ಯಾಂಕಿಗೆ ನಳಿಕೆ ಇಳಿಸಿ, ಬಾಯಲ್ಲಿ ಎಳೆದು, ಬಾಟಲಿಗೆ ಪೆಟ್ರೋಲು ಹಿಡಿಯುತ್ತಿದ್ದ. ಹುಡುಗನ ಚೀರಾಟ ನಿಂತಿತ್ತು. ಅವನು ರುಫಿನಾಳನ್ನೇ ನೋಡುತ್ತಿದ್ದ. ಇಡೀ ಸಂತೆಯಲ್ಲಿ ನಿಜ ಗೊತ್ತಿದ್ದವರು ಇಬ್ಬರೇ, ಅವರಲ್ಲಿ ಒಬ್ಬನ ಮಾತಿಗೆ ಬೆಲೆ ಇರಲಿಲ್ಲ.

ಸುಮ್ಮನಿದ್ದರಾಗಿತ್ತು. ಸುಮ್ಮನಿರೋಣ ಎಂದೇ ಅವಳಿಗೆ ಅನಿಸಿತು. ನಾಣ್ಯ ಮಗನದಲ್ಲದಿದ್ದರೇನು, ಕೊಂದವನು ಇವನೇ ಇರಬಹುದು. ಇಲ್ಲದಿದ್ದರೆ ಭಟ್ಟಿ ಹತ್ತಿರ ಇವನಿಗೇನು ಕೆಲಸ? ಒಬ್ಬನಾದರೂ ಉರಿಯಲಿ, ಹೊಟ್ಟೆ ತಣ್ಣಗಾಗಲಿ. ಆದರೆ ಅವಳು "ಇದೇ" ಎಂದದ್ದು ನಾಣ್ಯಕ್ಕೆ, ಮನುಷ್ಯನಿಗಲ್ಲ. ನಾಣ್ಯದ ವಿಷಯದಲ್ಲಿ ಅವಳು ಊರಿಗೆಲ್ಲ ಸುಳ್ಳು ಹೇಳಿದ್ದಳು, ಆದರೆ ಭೂತಗನ್ನಡಿಯೊಳಗೆ ಕಂಡದ್ದನ್ನು ಕಾಣಲಿಲ್ಲವೆಂದು ತನಗೆ ತಾನು ಒಮ್ಮೆಯೂ ಹೇಳಿಕೊಂಡವಳಲ್ಲ.

"ಪೊರ್ಫಿರಿಯೊ!" ಎಂದು ಕೂಗಿದಳು. "ನಿಲ್ಸು! ಇದು ನನ್ನ ಮಗಂದಲ್ಲ!"

"ನೀವೇ ಹೇಳಿದ್ರಲ್ಲ, ಇದೇ ಅಂತ."

"ಕಣ್ಣಲ್ಲಿ ನೀರಿತ್ತು, ಸರಿಯಾಗಿ ಕಾಣ್ಲಿಲ್ಲ. ಇದರ ಗೆರೆ ಗಿಡ್ಡ. ನನ್ನ ಮಗಂದು ಉದ್ದ."

"ಗೆರೆ ಗಿಡ್ಡ ಅಂತೆ!" ಪೆಟ್ರೋಲು ಹಿಡಿಯುತ್ತಿದ್ದವನು ಉಗುಳಿ ನಕ್ಕ. "ಅಮ್ಮಾ, ನಿಮ್ಮ ಕರುಳು ಮೆತ್ತಗೆ. ಹೋಗಿ ಆ ಕಡೆ ಕೂತ್ಕೊಳ್ಳಿ. ಗಂಡಸರ ಕೆಲಸ ನಾವು ನೋಡ್ಕೋತೀವಿ."

ಬಾಟಲಿ ತುಂಬಿತು. ಅವನು ಅದರಲ್ಲಿ ಅರ್ಧವನ್ನು ಹುಡುಗನ ತಲೆಯ ಮೇಲೆ ಸುರಿದ. ಗಾಯಕ್ಕೆ ಪೆಟ್ರೋಲು ಇಳಿದು ಹುಡುಗ ಕಂಬ ಅಲ್ಲಾಡುವಂತೆ ಒದ್ದಾಡಿದ. ಯಾರೋ ಬೆಂಕಿಪೊಟ್ಟಣ ಕೇಳಿದರು. ಮೂರು ನಾಲ್ಕು ಕೈಗಳು ಜೇಬಿಗೆ ಹೋದವು.

ರುಫಿನಾ ಪೆಟ್ಟಿಗೆ ಎತ್ತಿಕೊಂಡು ಜನರನ್ನು ಮೊಣಕೈಯಿಂದ ತಿವಿಯುತ್ತ ನುಗ್ಗಿದಳು. ಕಂಬದ ಬುಡದಲ್ಲಿ ನಿಂತು, ಪೆಟ್ರೋಲು ತನ್ನ ಲಂಗಕ್ಕೂ ಹತ್ತುವಷ್ಟು ಹತ್ತಿರ ನಿಂತು, ಪೆಟ್ಟಿಗೆಯ ಮುಚ್ಚಳ ಕಿತ್ತಳು.

"ನೋಡ್ರೋ! ಕಣ್ಣಿದ್ರೆ ನೋಡ್ರೋ!" ಬಟ್ಟೆಯ ಗಂಟೊಂದನ್ನು ಹಲ್ಲಿನಿಂದ ಬಿಚ್ಚಿ ಪೊರ್ಫಿರಿಯೊನ ಬೊಗಸೆಗೆ ಸುರಿದಳು. "ಇದೂ ಕುತ್ತಿಗೆ ಸೀಳಿದ್ದು. ಇದೂ ಅದೇ. ಇದೂ. ಇನ್ನೂ ಇಪ್ಪತ್ತಾರು ಉಳಿದಾವೆ. ನೂರ ಚಿಲ್ರೆ ಮಾರಿದೀನಿ ನಾನು! ಒಂದೇ ಅಂದಿದ್ದು ಸುಳ್ಳು. ನನ್ನ ಮಗನಿಗೆ ಹೇಳಿದ್ದೂ ಸುಳ್ಳು. ಈ ಹುಡುಗ ಹೇಳಿದ್ದೇ ನಿಜ, ನಾನೇ ಮಾರಿದ್ದು!"

ಪೊರ್ಫಿರಿಯೊ ಒಂದೊಂದೇ ನಾಣ್ಯವನ್ನು ಬಿಸಿಲಿಗೆ ಹಿಡಿದು ತಿರುಗಿಸಿದ. ವಿಕುನ್ಯಾ, ಸೀಳು. ವಿಕುನ್ಯಾ, ಸೀಳು. ಪಕ್ಕದವರೂ ಬಗ್ಗಿ ನೋಡಿದರು. ಅಧ್ಯಕ್ಷನ ಕತ್ತಿನ ನರ ಉಬ್ಬಿ ಬಂತು.

"ಹಾಗಾದ್ರೆ ನಂದು?" ಎಂದ ಮೆಲ್ಲಗೆ. "ಮಗಳ ಹದಿನೈದನೇ ಹುಟ್ಟುಹಬ್ಬಕ್ಕೆ ನಿಮ್ಮ ಹತ್ರ ತಗೊಂಡ್ನಲ್ಲ, ತಿರುಗಿಸಿದ್ರೆ ಹಿಂದಿನ ಮುದ್ರೆ ಓರೆ ನಿಲ್ಲೋದು. ಇನ್ನೂರು ಸೋಲ್ ಕೊಟ್ಟೆ. ಕೊರಳ ಸರ ಮಾಡಿಸ್ದೆ. ಅದು?"

"ಅದೂ ಅಚ್ಚಿನ ತಪ್ಪೇ. ಅಚ್ಚು ಸಡಿಲ ಆಗಿ ತಿರುಗಿಕೊಂಡಿತ್ತು. ಅಂಥವೂ ಬೇಕಾದಷ್ಟಿವೆ."

ಅವನು ಹೊಡೆದದ್ದು ಅಂಗೈಯ ಹಿಂಬದಿಯಿಂದ. ರುಫಿನಾಳ ಟೋಪಿ ಹಾರಿತು, ಒಂದು ಹಲ್ಲು ಬಾಯೊಳಗೇ ಮುರಿಯಿತು. "ಹೆಣದ ಮುಂದೆ ಕೂತು ಅತ್ತಿದೀನಿ ನಿನ್ನ ಮಗನಿಗೆ!" ಎಂದು ಗರ್ಜಿಸಿದ. ಗೌರವದ 'ದೋನ್ಯಾ' ಹೋಗಿ 'ನೀನು' ಬಂದಿತ್ತು. "ನಿನ್ನ ಮಾತು ಕೇಳಿ ಕೊಲೆ ಮಾಡ್ತಿದ್ದೆನಲ್ಲೇ ಮಾಟಗಾತಿ!" ಎಂಥ ನ್ಯಾಯ ನೋಡಿ: ಕೊಲೆ ತಪ್ಪಿಸಿದ್ದಕ್ಕೆ ಏಟು. ಬಡಿಯಲು ಎತ್ತಿದ ಕೈ ಬರಿದೇ ಇಳಿಯಲು ಒಪ್ಪುವುದಿಲ್ಲ. ಜಾಕಿನ ಸರಳು ಹಿಡಿದಿದ್ದವನು ಅವಳ ಪಕ್ಕೆಗೆ ಬೀಸಿದ. ಜಡೆ ಹಿಡಿದು ಎಳೆದವಳು ಅದೇ ಸಾರಿನವಳು. ರುಫಿನಾ ಬಿದ್ದಳು. ಬೀಳುವಾಗ ಪೆಟ್ಟಿಗೆಯೂ ಬಿತ್ತು.

ಪೆಟ್ಟಿಗೆಯಲ್ಲಿ ಅವಳ ಇಡೀ ಬದುಕಿತ್ತು: ಸಾವಿರದೈನೂರು ನಾಣ್ಯ, ಹೆಚ್ಚಿನವು ಇನ್ನೂ ಆರಿಸದ ಸಾದಾ ಚಿಲ್ಲರೆ. ಅವು ಕಲ್ಲಿನ ಮೇಲೆ, ಹಳಿಯ ಮೇಲೆ, ಜನರ ಕಾಲ ನಡುವೆ ಉರುಳಿದವು. ಒಂದು ಕ್ಷಣ ಎಲ್ಲರೂ ನೋಡುತ್ತ ನಿಂತರು. ಆಮೇಲೆ ಒಬ್ಬ ಬಗ್ಗಿದ. ಅವನನ್ನು ನೋಡಿ ಇನ್ನೊಬ್ಬ. ಮನುಷ್ಯನನ್ನು ಸುಡಲು ಬಂದಿದ್ದ ಇನ್ನೂರು ಜನ ಮೊಣಕಾಲೂರಿ, ಒಬ್ಬರ ಬೆರಳನ್ನು ಒಬ್ಬರು ತುಳಿಯುತ್ತ, ಸೋಲುಗಳನ್ನು ಹೆಕ್ಕತೊಡಗಿದರು. ತಪ್ಪಿನದಾದರೇನು, ಸರಿಯಾದದ್ದಾದರೇನು, ಸಂತೆಯಲ್ಲಿ ಸೋಲಿಗೆ ಸೋಲಿನ ಬೆಲೆ ಇದ್ದೇ ಇದೆ. ನಮ್ಮ ಜನರನ್ನು ಕಂಡು ಅಸಹ್ಯಪಡುವುದೋ, ಹುಡುಗನ ಜೀವ ಉಳಿಯಿತೆಂದು ಕೈಮುಗಿಯುವುದೋ!

ರುಫಿನಾ ತೆವಳಿಕೊಂಡು ಕಂಬದ ಬಳಿ ಹೋದಳು. ಉಸಿರೆಳೆದರೆ ಪಕ್ಕೆಯೊಳಗೆ ಏನೋ ಚುಚ್ಚುತ್ತಿತ್ತು. ಹಗ್ಗದ ಗಂಟನ್ನು ಉಗುರಿನಿಂದ ಬಿಡಿಸಿದಳು. ರೋಸ್ಮೆಲ್ ಅವಳ ಮೇಲೇ ಕುಸಿದ. ಮೈಯೆಲ್ಲ ಪೆಟ್ರೋಲು, ರಕ್ತ, ಉಚ್ಚೆ. ಇಪ್ಪತ್ತೆರಡು ದಾಟಿರಲಾರದು. ತನ್ನ ಕಲ್ಲು ಬಿದ್ದ ಕಿವಿ ಹರಿದು ಜೋಲುತ್ತಿದ್ದುದು ಅವಳಿಗೆ ಕಂಡಿತು. ಹೊದಿಕೆ ತೆಗೆದು ಅದರ ಮೇಲೆ ಒತ್ತಿ ಹಿಡಿದಳು. ದೂರದಲ್ಲಿ ಪೊಲೀಸ್ ಜೀಪು ಸಂತೆಯೊಳಗೆ ದಾರಿ ಸಿಗದೆ ಕೂಗುತ್ತಿತ್ತು.

"ಸತ್ತೋಗ್ತೀನಾ ಅಮ್ಮಾ?"

"ಇಲ್ಲ. ಮಾತಾಡ್ಬೇಡ."

"ನಿದ್ದೆ ಬರಲ್ಲ ಅಮ್ಮಾ ನಂಗೆ. ಅವತ್ತಿಂದ ಕಣ್ಣು ಮುಚ್ಚಿದ್ರೆ ಸಾಕು... ಅದಕ್ಕೇ ಮತ್ತೆ ಮತ್ತೆ ಭಟ್ಟಿ ಹತ್ರ ಹೋಗ್ತಿದ್ದೆ." ಅವನು ಅವಳ ಹೊದಿಕೆಯೊಳಗೆ ಮುಖ ಹುದುಗಿಸಿಕೊಂಡ. "ಕಾಲು ಹಿಡ್ಕೊಂಡಿದ್ದು ನಾನು. ಚಾಕು ನಂದಲ್ಲ. ನಿಮ್ಮ ಮಗ ಗಾಡಿ ಕೊಟ್ಟ ಅಮ್ಮಾ. ದುಡ್ಡು, ಫೋನು, ಎಲ್ಲ ತಾನಾಗೇ ಕೊಟ್ಟ. ಹೋಗ್ರೋ ಅಂದ. ಕೊರಳಿನ ಚೀಲ ಮಾತ್ರ ಬಿಡ್ಲಿಲ್ಲ. ಮುಷ್ಟೀಲಿ ಹಿಡ್ಕೊಂಡ. ಇದು ಕೊಡಲ್ಲ, ನಮ್ಮಮ್ಮ ಕೊಟ್ಟಿದ್ದು, ಪೆರುವಿಗೆಲ್ಲ ಇದೊಂದೇ ಅಂತ ಕಿರುಚಿದ. ನಾನು ಹೇಳಿದೆ ಅಮ್ಮಾ, ಬಿಡೋ, ಅಂಥದ್ದು ನನ್ನ ಹತ್ರಾನೂ ಇದೆ, ಬಿಟ್ಬಿಡೋ ಅಂದೆ. ಸುಳ್ಳು ಅಂದ. ನಮ್ಮಮ್ಮ ಸುಳ್ಳು ಹೇಳಲ್ಲ ಅಂದ. ಆಮೇಲೆ ಚಾಕು ಹಿಡಿದಿದ್ದೋನು ಬೆರಳು ಕೊಯ್ಯೋಕೆ ಶುರು ಮಾಡ್ದ."

ಹೆಣ ತೊಳೆದವಳು ರುಫಿನಾಳೇ. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಕಟ್ಟಿದವಳೂ ಅವಳೇ. ಯಾಕೆ ಹೀಗೆ ಕೊಯ್ದರೆಂದು ಕೇಳದವರಿರಲಿಲ್ಲ. ಉತ್ತರ ಈಗ ಸಿಕ್ಕಿತು. ಎರಡು ಮಾರು ದೂರದಲ್ಲಿ ಪೊರ್ಫಿರಿಯೊ ನಿಂತಿದ್ದ. ಕೆಳಗೆ ಪೆಟ್ರೋಲಿನ ಬಾಟಲಿ ಇನ್ನೂ ಅರ್ಧ ತುಂಬಿತ್ತು. ಒಂದು ಮಾತು ಕೂಗಿದ್ದರೆ ಸಾಕಿತ್ತು. ಕೂಗಲು ಬಾಯಿ ತೆರೆದಳು ಕೂಡ.

ಕೂಗಲಿಲ್ಲ. ಹುಡುಗನ ಮುಂಗೈಯನ್ನು ಎರಡು ಕೈಯಿಂದ ಹಿಡಿದು, ಉಗುರು ನಾಟುವಷ್ಟು ಬಿಗಿದಳು.

ಪೊಲೀಸರು ಬಂದಾಗಲೂ ಹಾಗೇ ಹಿಡಿದಿದ್ದಳು. ಹಿರಿಯ ಪೇದೆ ಬಗ್ಗಿ ಅವಳ ಭುಜ ಮುಟ್ಟಿದ. "ಬಿಡಿ ಅಮ್ಮಾ. ಇನ್ನು ಇವನಿಗೆ ಯಾರೂ ಏನೂ ಮಾಡಲ್ಲ. ನೀವು ಜೀವ ಉಳಿಸಿದ್ರಿ."

"ಅದಕ್ಕಲ್ಲ ಹಿಡ್ಕೊಂಡಿರೋದು," ಎಂದಳು ರುಫಿನಾ. ಮುರಿದ ಹಲ್ಲನ್ನು ಉಗಿದಳು. "ಬರ್ಕೊಳ್ಳಿ ಸಾಹೇಬ್ರೇ. ನನ್ನ ಮಗನ್ನ ಕೊಂದವರು ಮೂರು ಜನ. ಕಾಲು ಹಿಡಿದವನು ಇವನು. ಚಾಕು ಹಿಡಿದವನ ಹೆಸರು ಇವನು ಹೇಳ್ತಾನೆ, ಸಾಯಿಸದೆ ಕೇಳಿ."

ಪೇದೆ ಪುಸ್ತಕ ತೆಗೆದು ಬರೆದುಕೊಂಡ. "ಮೂರನೇದು?"

ಅವಳು ತನ್ನ ಹೆಸರು ಹೇಳಿದಳು. ಪೇದೆ ಪೆನ್ನು ಎತ್ತಿ ಅವಳ ಮುಖ ನೋಡಿದ, ಏಟಿಗೆ ತಲೆ ಕೆಟ್ಟಿದೆ ಎಂದುಕೊಂಡು ಪುಸ್ತಕ ಮುಚ್ಚಿದ.